ಗುರುಪಾದಪ್ಪನವರ ಛತ್ತಿನ ನಳ

ಅಗ್ನಿಯಷ್ಟು ನಿಷ್ಪಕ್ಷಪಾತಿಯಾದ ದೇವತೆ ಇನ್ನೊಂದಿಲ್ಲ. ಅರಮನೆಯನ್ನೂ ಗುಡಿಸಲನ್ನೂ ಅದು ಒಂದೇ ಕಣ್ಣಿನಿಂದ ನೋಡುತ್ತದೆ. ಹುಮನಾಬಾದಿನ ನಮ್ಮ ಬಾಡಿಗೆ ಕಟ್ಟಡದಲ್ಲಿ ಮಾತ್ರ ಅದು ಮೇಲಿನ ಬಿಡಾರದ ಗುರುಪಾದಪ್ಪನವರ ಅಂಗೈಯನ್ನು ದಾಟಿ ಬರಬೇಕಿತ್ತು.

ಪ್ರತಿ ಸಂಜೆ ಅವರು ಆರೂ ಬಿಡಾರಗಳಿಗೆ ಹೋಗಿ, ಒಲೆಯ ಹಿಂದಿನ ಗೋಡೆಗೆ ಅಂಗೈಯಿಟ್ಟು, ಹಕೀಮರು ನಾಡಿ ಹಿಡಿದಂತೆ ಕಣ್ಣು ಮುಚ್ಚುತ್ತಿದ್ದರು. "ಜ್ವರ ಇಲ್ಲ" ಎಂದ ಮೇಲೆ ಆ ಮನೆಯವರು ಊಟಕ್ಕೆ ಕೂಡಬಹುದು.

ಕಾರಣವಿತ್ತು. ನಿಜಾಮನ ಕಾಲದ ಮೂರಂತಸ್ತಿನ ಆ ಕಟ್ಟಡಕ್ಕೆ ಇದ್ದದ್ದು ಒಂದೇ ಕಟ್ಟಿಗೆಯ ನಿಚ್ಚಣಿಕೆ. ಮೇಲಿನ ಅಂತಸ್ತಿನಲ್ಲಿ ಅವರ ಅವ್ವ. ಮೊಣಕಾಲು ಹೋಗಿ, ನಾಲ್ಕು ವರ್ಷದಿಂದ ಕೆಳಗಿಳಿದಿರಲಿಲ್ಲ. ಕೆಳಗೆ ಬಟ್ಟೆ ವ್ಯಾಪಾರಿ ವೀರಣ್ಣ ಸಾವಕಾರರ ಗೋದಾಮಿನಲ್ಲಿ ಜಾಗ ಕೇಳೋಣವೆಂದರೆ, "ನಾನೇನು ಅರಿವಿ ಗಂಟೇನೋ?" ಎಂದು ಅವ್ವನೇ ಒಪ್ಪಳು.

"ಬೆಂಕಿ ಬಿದ್ರ ನಾವೆಲ್ಲಾ ಓಡತೇವು. ಅವ್ವ ಹ್ಯಾಂಗ ಓಡಬೇಕ್ರಿ?" ಎಂಬುದು ಅವರ ಪ್ರಶ್ನೆ. ಉತ್ತರವೂ ಅವರಲ್ಲೇ ಇತ್ತು. ಸೋಲಾಪುರದ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಪೈಪು ಜೋಡಿಸಿದವರು. ಅಲ್ಲಿ ತಲೆಯ ಮೇಲಿನ ಛತ್ತಿಗೆ ನಳಗಳಿದ್ದವಂತೆ, ಬೆಂಕಿಯ ಕಾವು ತಾಗಿದರೆ ತಾವೇ ಬಾಯಿ ಬಿಟ್ಟು ನೀರು ಸುರಿಸುತ್ತಿದ್ದವಂತೆ. ನಮ್ಮ ಕಟ್ಟಡಕ್ಕೂ ಅವು ಬೇಕು.

ಒಂದು ಭಾನುವಾರ ಮಾಳಿಗೆಯ ಮೇಲೆ ಸಭೆ ಕೂಡಿತು. ಯಾರ ಮನೆಯಲ್ಲಿ ಸುಡುವ ಸಾಮಾನು ಎಷ್ಟೋ ಅವರ ವಂತಿಗೆ ಅಷ್ಟು ಎಂದು ನಿರ್ಣಯವಾಯಿತು. ಅಲ್ಲಿಗೆ ಕೆಲಸ ಕೆಟ್ಟಿತು.

"ಸಾವಕಾರ್ರ, ನಿಮ್ಮದೇನು ಸುಡ್ತದ?" ಗುರುಪಾದಪ್ಪನವರು ಕಾಗದ ಹಿಡಿದು ಬರೆದುಕೊಳ್ಳಲು ಕೂತರು.

"ಏನೂ ಇಲ್ಲರಿ. ಅರಿವಿ ಥಾನು ಎಲ್ಲಾ ಉದ್ರಿ ತಂದದ್ದು, ಇನ್ನಾ ರೊಕ್ಕ ಕೊಟ್ಟಿಲ್ಲ. ಸುಟ್ರ ಸೋಲಾಪುರದವಂದು ಸುಡ್ತದ."

ದರ್ಜಿ ಖಾಜಾಮಿಯಾ ಕೈ ಎತ್ತಿದ. "ನಂದು ಮಶೀನು ಲೋಹೆದ್ದು. ಲೋಹಾ ಸುಡಂಗಿಲ್ಲ ಭಾಯಿ."

"ಮತ್ತ ಹೊಲಿಯಾಕ ಬಂದ ಅರಿವಿ?"

"ಅವು ಗಿರಾಕೀದು."

ತಹಸೀಲಿನಲ್ಲಿ ಗುಮಾಸ್ತನಾಗಿದ್ದ ನಾನೂ, ನನ್ನ ಹಾಸಿಗೆಯಲ್ಲಿ ಹತ್ತಿಗಿಂತ ತಗಣಿಯೇ ಹೆಚ್ಚೆಂದು ಗಂಭೀರವಾಗಿ ಪ್ರಮಾಣ ಮಾಡಿದೆ. ಕೂಡಿಸಿ ನೋಡಿದರೆ, ಆರು ಬಿಡಾರ ಪೂರಾ ಬೂದಿಯಾದರೂ ಆಗುವ ನಷ್ಟ ಎರಡು ಪೈಪಿನ ಬೆಲೆಗೂ ಸಮ ಬರಲಿಲ್ಲ.

"ಹಿಸಾಬಿನ ಪ್ರಕಾರ ಸುಡೂದೇ ಸೋವಿ ಬೀಳ್ತದ" ಎಂದರು ಸಾವಕಾರರು.

ಗುರುಪಾದಪ್ಪನವರು ಕಾಗದವನ್ನೇ ನೋಡುತ್ತಿದ್ದರು. "ಇದರಾಗ ಅವ್ವನ್ನ ಬರದಿಲ್ಲ."

"ಶಿವಾ! ಅವ್ವಗ ಬೆಲಿ ಕಟ್ಟಾಕ ಬರ್ತದೇನ್ರಿ? ಬೆಲಿ ಇಲ್ಲದ್ದು ಹಿಸಾಬಿನ್ಯಾಗ ಬರಂಗಿಲ್ಲ." ಸಾವಕಾರರ ಕಣ್ಣಲ್ಲಿ ನಿಜವಾಗಿ ನೀರಿತ್ತು.

ಗುರುಪಾದಪ್ಪನವರು ತಾವೊಬ್ಬರೇ ಮೇಲಿನ ಕೋಣೆಯ ತಗಡಿನ ಪತ್ರಾಸಿನ ಮೇಲೆ ಒಂದು ನೀರಿನ ಪೀಪಾಯಿ ಏರಿಸಿ, ಅವ್ವನ ಮಂಚದ ನೆತ್ತಿಗೆ ಸರಿಯಾಗಿ ಒಂದೇ ಒಂದು ನಳ ಇಳಿಸಿದರು. ಗಿರಣಿಯ ನಳದ ಬಾಯಿಗಿದ್ದ ಕರಗುವ ಲೋಹ ಹುಮನಾಬಾದಿನಲ್ಲಿ ಸಿಗದು, ಜೇನುಮೇಣ ತುಂಬಿದರು. ಬೆಂಕಿಗೆ ಕರಗುವ ಮೇಣ ನಮ್ಮ ಬ್ಯಾಸಗಿಗೂ ಕರಗುತ್ತದೆಂದು ಆ ಶ್ರಾವಣದ ತಂಪಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ, ಉಂಡು ಮಲಗಿದ್ದ ಅವ್ವನ ಮೇಲೆ ಪೀಪಾಯಿ ಪೂರಾ ಇಳಿಯಿತು. ಬಿಸಿಲಿಗೆ ಕಾದು ಹದವಾದ ನೀರು.

"ಗುರ್ಯಾ! ಜೀವ ಇರೂತನಾನೇ ಹೆಣದ ಜಳಕ ಮಾಡಸಾಕತ್ತೀಯೇನೋ!"

ಅಷ್ಟು ವರ್ಷ ಕೆಳಗಿಳಿಯದ ಮುದುಕಿ ಹೊರಗೆ ತೆವಳಿ, ನಿಚ್ಚಣಿಕೆಯ ಮೇಲೆ ಕುಂತು, ಮೆಟ್ಟಿಲಿಗೊಂದು ಬೈಗುಳದಂತೆ ಕುಂತುಕುಂತೇ ಇಳಿದಳು. ನೇರ ಗೋದಾಮಿಗೆ ಹೋಗಿ ಬಟ್ಟೆಯ ಗಂಟಿನ ಮೇಲೆ ಒದ್ದೆ ಸೀರೆಯಲ್ಲೇ ಆಸೀನಳಾದಳು.

"ಅಲ್ಲಿ ಆ ನಳ ಇರೂತನಾ ನಾ ಮ್ಯಾಲ ಬರಂಗಿಲ್ಲ!"

ಬೆಲೆ ಕಟ್ಟಲಾಗದ ವಸ್ತುವೆಂದು ತಾವೇ ತೀರ್ಪು ಕೊಟ್ಟಿದ್ದ ಸಾವಕಾರರು ಪಕ್ಕದ ಥಾನುಗಳನ್ನು ತಾವೇ ಸರಿಸಿ ಆಕೆಗೆ ಜಾಗ ಮಾಡಿಕೊಟ್ಟರು.

ವಾರವಾದರೂ ಗುರುಪಾದಪ್ಪನವರು ನಳಕ್ಕೆ ಕೈ ಹಚ್ಚಲಿಲ್ಲ. ಯಾಕೆಂದು ಕೇಳಿದೆ. ನಿಚ್ಚಣಿಕೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: "ತೆಗದ್ರ ಮ್ಯಾಲ ಬರ್ತಾಳ್ರಿ."

ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಗುರುಪಾದಪ್ಪನವರು ಕೊನೆಯ ಸಲ ಸಿಕ್ಕರು. ಚಹಾ ಕುಡಿಯುತ್ತ ಅವ್ವನನ್ನು ವಿಚಾರಿಸಿದೆ. "ಕೆಳಗ ಅದಾಳ್ರಿ" ಎಂದರು, ಅಷ್ಟೇ, ಆದರೆ ಕೋರ್ಟಿನಲ್ಲಿ ಕೇಸು ಗೆದ್ದವರಂತೆ.

ಮರುವರ್ಷ ಗುರುಪಾದಪ್ಪನವರು ತೀರಿಕೊಂಡರು. ಅವ್ವ ಆ ಗೋದಾಮಿನಲ್ಲಿ ಇನ್ನೂ ಏಳು ವರ್ಷ ಇದ್ದಳು. ಕಟ್ಟಡಕ್ಕೆ ಬೆಂಕಿ ಬೀಳಲಿಲ್ಲ.