ಬ್ಯಾಟು ಬಿಡದ ಸ್ಟಾರ್ ಆಟಗಾರ

ಬೇಸ್‌ಬಾಲ್ ತಂಡದ ಮ್ಯಾನೇಜರ್ ಆಗಲು ಬೇಸ್‌ಬಾಲ್ ಗೊತ್ತಿರಬೇಕಾಗಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಮಣಿಪಾಲದಿಂದ ಮಲೇಷ್ಯಾಕ್ಕೆ ಬಂದು ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಮೂಳೆಗಳ ಪಾಠ ಮಾಡುವ ನನ್ನನ್ನು ಸೈಬರ್‌ಜಯಾದ ಕನ್ನಡಿಗರು ಆ ಕುರ್ಚಿಯಲ್ಲಿ ಕೂರಿಸಿದ್ದು, ಯಾರಾದರೂ ಬಿದ್ದರೆ ಅನುಕೂಲವಾಗಲಿ ಎಂದು.

ಈ ಸಲ ಕೊನೆಯ ಸ್ಥಾನಕ್ಕೆ ಇಳಿದರೆ ನಾವು ಲೀಗಿನಿಂದಲೇ ಹೊರಗೆ. ಆಗ ನನಗೆ ಅಮೆರಿಕದ ದೊಡ್ಡ ತಂಡಗಳ ಉಪಾಯ ಹೊಳೆಯಿತು. ಅವು ಹತ್ತು ವರ್ಷದ ಭವಿಷ್ಯವನ್ನು ಒಬ್ಬನೇ ಸ್ಟಾರ್ ಆಟಗಾರನ ಭುಜಕ್ಕೆ ಹೊರಿಸುತ್ತವೆ. ಭುಜದ ಕೀಲು ಎಷ್ಟು ಸುಲಭವಾಗಿ ತಪ್ಪುತ್ತದೆ ಎಂದು ಪಾಠ ಮಾಡುವವನೇ ನಾನು. ಆದರೂ ಮಕ್ಕಳ ತಂಡ ಕಟ್ಟಲು ಎತ್ತಿಟ್ಟ ದುಡ್ಡನ್ನೆಲ್ಲ ಮಂಜುನಾಥನ ಮೇಲೆ ಸುರಿದೆ. ಕ್ಲಾಂಗ್ ಬಂದರಿನಲ್ಲಿ ಕೆಲಸ ಮಾಡುವ ಈ ಮೈಸೂರಿನವನು ಕ್ರಿಕೆಟ್ಟಿನಲ್ಲಿ ಹೊಡೆದ ಚೆಂಡನ್ನು ಹುಡುಕಲು ಕಾರು ಬೇಕಿತ್ತು. ಅವನಿಗೆ ಹೊಸ ಶೂ, ಓಡಾಡಲು ಬಾಡಿಗೆ ಕಾರು, ಆಟವಾದ ಮೇಲೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಹೊಟ್ಟೆ ತುಂಬ ರೋಟಿ.

"ಸರ್, ಎಲ್ಲಾ ಒಬ್ರಿಗೇ ಹಾಕ್ಬಿಟ್ರೆ ಮಕ್ಳ ಟೀಮ್ ಕತೆ ಏನು?" ಎಂದರು ಖಜಾಂಚಿ ಸುಮಾ.

"ಒಂದು ಸೀಸನ್ ಮಾರಾಯ್ರೆ, ನೋಡ್ತಾ ಇರಿ," ಎಂದೆ.

ಕೊನೆಯ ಪಂದ್ಯದ ಕೊನೆಯ ಗಳಿಗೆ. ಒಂದು ಓಟ ಸಿಕ್ಕಿ ಪಂದ್ಯ ಸಮವಾದರೂ ಉಳಿದುಕೊಳ್ಳುತ್ತೇವೆ. ನಮ್ಮವನೊಬ್ಬ ಮೂರನೇ ಬೇಸಿನಲ್ಲಿ ಓಡಲು ಕಾದಿದ್ದ; ಮಂಜುನಾಥ ಚೆಂಡಿಗಿಂತ ಮುಂಚೆ ಮೊದಲ ಬೇಸಿನ ಬಿಳಿ ದಿಂಬು ಮುಟ್ಟಿದರೆ ಸಾಕು, ಆ ಓಟ ನಮ್ಮದು. ಅವನು ಬೀಸಿದ. ಚೆಂಡು ನೆಲದಲ್ಲಿ ಉರುಳಿತು. ಓಡಿದ, ಬ್ಯಾಟು ಹಿಡಿದುಕೊಂಡೇ ಓಡಿದ! ಚೆಂಡು ಬರುವ ಮೊದಲೇ ಮೈಚಾಚಿ ಬಿದ್ದು, ಬ್ಯಾಟಿನ ತುದಿಯನ್ನು ಬೇಸಿಗೆ ಮುಟ್ಟಿಸಿದ. ನಾವೆಲ್ಲ ಕುಣಿದೆವು. "ನಾಟ್ ಔಟ್!" ಎಂದು ಎಲ್ಲರಿಗಿಂತ ಜೋರಾಗಿ ಕಿರುಚಿದವನು ನಾನೇ.

"ಬ್ಯಾಟ್ ಕೆನಾಟ್ ಲಾ. ಬಾಡಿ ಮಸ್ಟ್ ಟಚ್," ಎಂದು ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿ, ಅಂಪೈರ್ ತಣ್ಣಗೆ ಕೈ ಎತ್ತಿ ಔಟ್ ಕೊಟ್ಟರು.

ಕ್ರಿಕೆಟ್ಟಿನಲ್ಲಿ ಗೆರೆ ದಾಟಲು ಬ್ಯಾಟು ಸಾಕು. ಇಲ್ಲಿ ಹೊಡೆದ ಕೂಡಲೇ ಅದನ್ನು ಬಿಸಾಕಿ ಓಡಿ, ಚೆಂಡಿಗಿಂತ ಮೊದಲು ಮೈಯಿಂದಲೇ ಬೇಸ್ ಮುಟ್ಟಬೇಕು. ಇದು ಅವನಿಗೆ ಗೊತ್ತಿತ್ತು. "ಗೊತ್ತು ಸರ್, ಆದ್ರೆ ಕೈ ಬಿಡ್ಲಿಲ್ಲ," ಎಂದು ಕಣ್ಣು ಒರೆಸಿಕೊಂಡ. ಬೈಯೋಣವೆಂದರೆ, ನಾಟ್ ಔಟ್ ಎಂದು ಕಿರುಚಿದ ಗಂಟಲು ನನ್ನದೇ.

ಲೀಗಿನಿಂದ ಹೊರಬಿದ್ದೆವು. ಮುಂದಿನ ಭಾನುವಾರ ಮೈದಾನಕ್ಕೆ ಯಾರೂ ಬರುವುದಿಲ್ಲ ಎಂದುಕೊಂಡು ಹೋದರೆ, ಮಂಜುನಾಥ ತನ್ನದೇ ಖರ್ಚಿನಲ್ಲಿ ಬಂದು, ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡಿದ್ದ. ಅವನು ಕಲಿಸುತ್ತಿದ್ದದ್ದು ಒಂದೇ ಪಾಠ: ಹೊಡಿ, ಬಿಡು, ಓಡು. ನಾನೂ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಸರದಿ ಬಂತು, ಹೊಡೆದೆ, ಬ್ಯಾಟು ಬಿಸಾಕಿದೆ, ಓಡಿದೆ. ಕೈಯಲ್ಲಿ ಏನೂ ಇಲ್ಲದಿದ್ದರೆ ಇಷ್ಟು ಜೋರಾಗಿ ಓಡಬಹುದೆಂದು ಐವತ್ತೆರಡು ವರ್ಷ ನನಗೆ ಯಾರೂ ಹೇಳಿರಲಿಲ್ಲ!