ಮೂರು ಸಲ ಕೂಗಿದ್ದಕ್ಕೆ ಓಡಿಹೋದ ನಾಯಿ

ನಮ್ಮ ಪಕ್ಕದ ಮನೆಯವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು. ವಕೀಲರು ಇಟ್ಟ ಮೈಕಣ್ಣ ಎಂಬುದೇ ಗಟ್ಟಿಯಾಗಿ ನಿಂತಿತು. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷ ಕೂಗಿದ್ದಾರೆ. ಆ ದನಿ ಕೇಳಿದರೆ ಎದುರಿನ ಹೋಟೆಲಿನಲ್ಲಿ ಕೂತವರೂ ಅರ್ಧ ಲೋಟ ಚಹಾ ಬಿಟ್ಟು ಓಡಿಬರುತ್ತಾರೆ. ತಾವು ಕರೆದರೆ ಬಾರದ ಪ್ರಾಣಿಯೇ ಇಲ್ಲ ಎಂದು ಅವರು ನಂಬಿದ್ದರೆ ತಪ್ಪೇನೂ ಇಲ್ಲ.

ಇಂಥವರು ನಾಯಿ ಸಾಕುತ್ತೇನೆಂದಾಗ ಹೆಂಡತಿ, "ಮನೇಲಿ ಈಗಿರೋ ಸದ್ದು ಸಾಲ್ದಾ?" ಎಂದರು. ಆದರೂ ಬೀದಿನಾಯಿಗಳ ಆಶ್ರಯಧಾಮದಿಂದ ಒಂದು ಕಂದು ನಾಯಿ ಬಂತು. ಯಾರೋ ಹೊಡೆದು ಹೊಡೆದು ಹೆದರಿಸಿಟ್ಟಿದ್ದ ಜೀವ. ಎರಡು ದಿನ ಮಂಚದ ಕೆಳಗಿನಿಂದ ಅಲ್ಲಾಡದ ಅದಕ್ಕೆ ಮೈಕಣ್ಣ ಚೂಟಿ ಎಂದು ಹೆಸರಿಟ್ಟರು! ಅದು ಮೊದಲು ಹತ್ತಿರ ಹೋದದ್ದು, ಬೇಡವೆಂದಿದ್ದ ಹೆಂಡತಿಯ ಕಾಲ ಬಳಿಗೇ.

ಮೂರನೆಯ ದಿನ, ಹೆಸರು ರೂಢಿಯಾಗಲಿ ಎಂದು ಮೈಕಣ್ಣ ಅಂಗಳದಲ್ಲಿ ನಿಂತು, ಎದೆ ತುಂಬ ಉಸಿರೆಳೆದು, ಕೋರ್ಟಿನ ಪದ್ಧತಿಯಂತೆ ಕೂಗಿದರು. ಮೊದಲ ಕೂಗಿಗೆ ಚೂಟಿ ನಡುಗಿತು. ಎರಡನೆಯದಕ್ಕೆ ಗೇಟಿನ ಸಂದಿಯಲ್ಲಿ ನುಸುಳಿತು. ಮೂರನೆಯದನ್ನು ಕೇಳಲು ಅದು ಬೀದಿಯಲ್ಲೇ ಇರಲಿಲ್ಲ.

ಊರೆಲ್ಲ ಹುಡುಕಿದರು. ಹುಡುಕಿದರು ಎಂದರೆ ಕೂಗಿದರು. ಸಂಜೆ ಹಾಳುಬಿದ್ದ ಮರದ ಡಿಪೋದಲ್ಲಿ, ಹಲಗೆಗಳ ರಾಶಿಯ ಅಡಿಯಲ್ಲಿ ಎರಡು ಕಣ್ಣು ಕಂಡವು. ಸಂತೋಷ ತಡೆಯಲಾರದೆ ಮತ್ತೆ ಕೂಗಿದರು. ಕಣ್ಣುಗಳು ಇನ್ನೂ ಒಳಕ್ಕೆ ಹೋದವು.

"ಈಗಷ್ಟೇ ನಂಬೋಕೆ ಶುರು ಮಾಡಿತ್ತು ಕಣ್ರೀ," ಎಂದು ಹೆಂಡತಿ ಅತ್ತರು. ಜಗಳವಾಡಿದ್ದರೆ ಮೈಕಣ್ಣನವರಿಗೆ ಎಷ್ಟೋ ಹಾಯಾಗಿರುತ್ತಿತ್ತು.

ಆಶ್ರಯಧಾಮದ ಮೇಡಂಗೆ ಫೋನ್ ಮಾಡಿದರು. "ಕರೀಬೇಡಿ, ಹಿಡಿಯೋಕೂ ಹೋಗ್ಬೇಡಿ. ಊಟ ಇಟ್ಟು, ಬೆನ್ನು ತಿರುಗಿಸಿ ಸುಮ್ನೆ ಕೂತ್ಕೊಳ್ಳಿ," ಎಂದರು ಆಕೆ.

"ಎಷ್ಟು ದಿನ ಮೇಡಂ?"

"ನಿಮ್ಮ ಕೋರ್ಟಲ್ಲಿ ಒಂದು ಕೇಸು ಮುಗಿಯೋಕೆ ಎಷ್ಟು ದಿನ ಬೇಕು?"

ಮೈಕಣ್ಣ ಮರುದಿನವೇ ರಜೆ ಹಾಕಿದರು.

ಡಿಪೋದಲ್ಲಿ ಬಕೆಟ್ ಬೋರಲು ಹಾಕಿ, ಗೋಡೆಗೆ ಮುಖ ಮಾಡಿ ಕೂತರು. ಮಾತಾಡಿಸಲು ಹೋದ ನನಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ಅವರ ಗಂಟಲು ಬಿದ್ದುಹೋಗಿದೆ ಎಂಬ ಸುದ್ದಿ ಕೋರ್ಟಿಗೆ ಮುಟ್ಟಿ, ವಕೀಲರು ಬಾಯಲ್ಲಿ ಕಳವಳ ತೋರಿಸುತ್ತ ಒಳಗೊಳಗೇ ಖುಷಿಪಟ್ಟರಂತೆ. ಮೊದಲ ದಿನ ಮೈಕಣ್ಣ ಎದ್ದುಹೋದ ಮೇಲೆ ಚೂಟಿ ತಿಂದಿತು. ಮರುದಿನ ಅವರು ಇದ್ದಾಗಲೇ ತಟ್ಟೆ ನೆಕ್ಕುವ ಸದ್ದು ಬಂತು. ಮೂರನೆಯ ದಿನ ಅವರಿಗೊಂದು ಕೆಮ್ಮು ಬಂದು ಎಲ್ಲ ಕೆಟ್ಟಿತು. ಆ ಸಂಜೆ ನಮ್ಮ ಜಗಲಿಯಲ್ಲಿ ಕೂತು, "ನನ್ನ ದನಿಗೆ ಜನ ಬರ್ತಿದ್ದದ್ದು ವಾರಂಟಿನ ಹೆದರಿಕೆಗೆ ಕಣಯ್ಯ. ಇದಕ್ಕೆ ವಾರಂಟ್ ಇಲ್ವಲ್ಲ, ಯಾಕೆ ಬರುತ್ತೆ?" ಎಂದರು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಆರನೆಯ ದಿನ ಅವರ ಅಂಗೈಗೆ ಒದ್ದೆ ಮೂಗು ತಾಗಿತು. ಕೈಯಲ್ಲಾಡಿಸಲಿಲ್ಲ. ಕಣ್ಣೀರು ಮೂಗಿನ ತುದಿಗೆ ಬಂದರೂ ಒರೆಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಎದ್ದು ಮನೆಯ ಕಡೆ ನಡೆದರು. ತಿರುಗಿ ನೋಡುವ ಧೈರ್ಯವಿರಲಿಲ್ಲ. ಹಿಂದೆ ಹೆಜ್ಜೆಯ ಸದ್ದೂ ಇರಲಿಲ್ಲ. ಇಡೀ ಓಣಿಯನ್ನು ಹಾಗೇ ದಾಟಿದರು.

ಗೇಟಿನಲ್ಲಿ ಹೆಂಡತಿ ನಿಂತಿದ್ದರು. ಗಂಡನ ಮುಖ ನೋಡಲಿಲ್ಲ. ಅವರ ಮೊಣಕಾಲಿನ ಹಿಂದೆ ಎಲ್ಲೋ ನೋಡುತ್ತಿದ್ದರು. ಮೈಕಣ್ಣ ಏನೋ ಹೇಳಲು ಬಾಯಿ ತೆರೆದರು.

"ಏನೂ ಮಾತಾಡ್ಬೇಡಿ," ಎಂದು ಆಕೆ ಪಿಸುಗುಟ್ಟಿದರು. "ಹಾಗೇ ಒಳಗೆ ಬನ್ನಿ, ಇಬ್ರೂ."