ಸಂಕದ ಆಚೆಯ ಬೆಲ್ಲ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೃಂಗೇರಿ ತಾಲ್ಲೂಕಿನ ನೆಮ್ಮಾರಿನ ಒಂದು ಅಂಗಳದಲ್ಲಿ ರಮ್ಯ, ನೆಲದ ಮೇಲೆ ಮಲಗಿಸಿದ ಅಡಿಕೆ ಮರದ ಕಾಂಡದ ಮೇಲೆ ಹೆಜ್ಜೆ ಇಡುತ್ತಿದ್ದಾರೆ. ಗಂಡ ಧರ್ಮೇಶ್ ಪಕ್ಕದಲ್ಲೇ ಇದ್ದಾರೆ, ಆದರೆ ಮುಟ್ಟುವ ಹಾಗಿಲ್ಲ. ನಡುವಿಗೆ ಬರುತ್ತಿದ್ದಂತೆ ಬಲಪಾದ ಜೋತುಬಿದ್ದು ರಮ್ಯ ಕೆಳಗಿಳಿಯುತ್ತಾರೆ.

“ಹಿಡ್ಕೊಳ್ಳೋದಾ?”

“ಬ್ಯಾಡ ಮಾರಾಯ್ರೆ. ಸಂಕದ ಮೇಲೆ ಇಬ್ರು ನಡೆಯೋಕಾಗ್ತದಾ?”

ರಮ್ಯ ಆಶಾ ಕಾರ್ಯಕರ್ತೆ. ಬಸುರಿಯರ ವಿಚಾರಣೆ, ಕೂಸುಗಳ ತೂಕ, ಮುದುಕರ ಮಾತ್ರೆ ಎಲ್ಲ ಅವರದೇ. ಹಳ್ಳದಾಚೆಯ ಮನೆಗಳಿಗೆ ಸಂಕವೇ ದಾರಿ: ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುದಾರಿ, ಹಿಡಿಯಲು ಒಂದೇ ಬಿದಿರು. ಚೀಲ ತಲೆ ಮೇಲಿಟ್ಟುಕೊಂಡು ಓಡಿ ದಾಟುತ್ತಿದ್ದವರು ಈಗ ಅದರ ತುದಿಯಲ್ಲಿ ನಿಂತು ಆಚೆ ದಡ ನೋಡುತ್ತಾರೆ. ಆ ನೋಟದಲ್ಲಿರುವ ಆಸೆಯನ್ನು ಮುಚ್ಚಿಡಲು ಅವರಿಗೆ ಬರುವುದಿಲ್ಲ.

ಮೊದಲು ಕಾಲು ಜೋಮು ಹಿಡಿಯಿತು. ಕಾಡಿನ ಜಿಗಣೆ, ಇಂಬಳ, ಕಚ್ಚಿ ಚಪ್ಪಲಿ ತುಂಬ ರಕ್ತವಾದರೂ ಗೊತ್ತಾಗುತ್ತಿರಲಿಲ್ಲ. ಇಂಬಳ ಕಚ್ಚಿದ್ದು ಈ ಸೀಮೆಯಲ್ಲಿ ಯಾರಿಗೆ ತಾನೇ ಗೊತ್ತಾಗುತ್ತದೆ? ಊರವರ ಕಾಯಿಲೆಯನ್ನೆಲ್ಲ ಬೆನ್ನಟ್ಟಿ ಹಿಡಿಯುವವರು ತಮ್ಮದನ್ನು ಇಂಬಳದ ತಲೆಗೆ ಕಟ್ಟಿ ಸುಮ್ಮನಾದರು. ಒಲೆಯಿಂದ ಸಿಡಿದ ಕೆಂಡ ತುಳಿದೂ ಅರಿವಾಗದ ದಿನ ಧರ್ಮೇಶ್ ಹೆದರಿದರು.

ಆಸ್ಪತ್ರೆಯಲ್ಲಿ ತಾಳಿ, ಕಾಲುಂಗುರ ತೆಗೆಸಿ ಎಂಆರ್‌ಐ ಮಿಷನ್ನಿನೊಳಗೆ ಮಲಗಿಸಿದರು. ಮೆದುಳಿನ ಚಿತ್ರದಲ್ಲಿ ಬಿಳಿ ಮಚ್ಚೆಗಳು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಔಷಧ ಶುರುವಾಯಿತು. ಈ ವರ್ಷದ ಸ್ಕ್ಯಾನಿನಲ್ಲಿ ಹೊಸ ಮಚ್ಚೆ ಒಂದೂ ಇಲ್ಲವೆಂದು ಧರ್ಮೇಶ್ ದಾರಿಯಲ್ಲೇ ಸ್ವೀಟ್ ಕೊಡಿಸಿದರು. ಕಾಲು ಮಾತ್ರ ಹೋದ ವರ್ಷಕ್ಕಿಂತ ಭಾರ. ಚಿತ್ರಕ್ಕೂ ಕಾಲಿಗೂ ಯಾವಾಗಲೂ ತಾಳೆಯಾಗುವುದಿಲ್ಲ, ಹಳೆಯ ಪೆಟ್ಟೂ ನಿಧಾನವಾಗಿ ಕಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ.

“ಫೋಟೋ ಚೆಂದ ಬಂದಿದೆ ಅಂತಾರೆ. ಅದನ್ನ ಹಿಡ್ಕೊಂಡು ಸಂಕ ದಾಟೋಕಾಗ್ತದಾ?” ರಮ್ಯ ನಗುತ್ತಲೇ ಕೇಳುತ್ತಾರೆ.

ಮಳೆ ಹಿಡಿಯುವುದರೊಳಗೆ ದಾಟಲಾಗದಿದ್ದರೆ ಆಚೆಯ ಮನೆಗಳು ಪಕ್ಕದೂರಿನ ಕಾರ್ಯಕರ್ತೆಗೆ ಹೋಗುತ್ತವೆ. ಹಾಗೆ ಮಾಡಿ ಎಂದು ಮೇಲಿನವರಿಗೆ ಹೇಳಿದ್ದೂ ರಮ್ಯ ಅವರೇ. “ನನ್ನ ಹಟಕ್ಕೆ ಬಸುರಿಯರು ಕಾಯಬಾರ್ದಲ್ಲ.”

ಬೆಳಿಗ್ಗೆ ಧರ್ಮೇಶ್ ಅವರ ಗೂಡ್ಸ್ ಆಟೋ ರಮ್ಯ ಅವರನ್ನು ಹಳ್ಳದ ದಡದಲ್ಲಿ ಇಳಿಸುತ್ತದೆ. ಆಚೆಯಿಂದ ಶೇಷಮ್ಮ, ಎಪ್ಪತ್ತು ದಾಟಿದ ಜೀವ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸಲೀಸಾಗಿ ಸಂಕ ದಾಟಿ ಬಿಪಿ ಮಾತ್ರೆಗೆ ಬರುತ್ತಾರೆ. ಬರುವಾಗ ಕೈ ಖಾಲಿ ಇರುವುದಿಲ್ಲ. ಒಮ್ಮೆ ಬಸಳೆ, ಒಮ್ಮೆ ಮಾವಿನ ಮಿಡಿ. ಬೆಲ್ಲ ನೀರು ಮಾತ್ರ ಇಲ್ಲ. ಹಿಂದೆಲ್ಲ ರಮ್ಯ ಅವರ ಮನೆಯ ಜಗುಲಿ ಹತ್ತಿದರೆ ಅದು ಕುಡಿಯದೆ ಮಾತಿಲ್ಲ, ಕತೆಯಿಲ್ಲ.

“ಒಂದಿನ ಇಲ್ಲಿಗೇ ತನ್ನಿ ಶೇಷಮ್ಮ,” ರಮ್ಯ ಛೇಡಿಸುತ್ತಾರೆ.

“ಬೆಲ್ಲ ಮನೆಗೆ ಬಂದವ್ರಿಗೆ ಮಾರಾಯ್ತಿ. ನೀ ಬಂದಾಗ ಕೊಡ್ತೀನಿ.”

ಮಾತ್ರೆ ಪಡೆದು ಶೇಷಮ್ಮ ಹಿಂದಿರುಗುತ್ತಾರೆ. ಅವರ ಹೆಜ್ಜೆಗೆ ಸಂಕ ಕೊಂಚ ತೂಗಿ ಸುಮ್ಮನಾಗುತ್ತದೆ.

“ತಂದು ಕೊಟ್ಟಿದ್ರೆ ಅವತ್ತೇ ಸೋತು ಹೋಗ್ತಿದ್ದೆ,” ಎನ್ನುತ್ತಾರೆ ರಮ್ಯ, ಕಣ್ಣು ಆಚೆ ದಡದಲ್ಲೇ ಇಟ್ಟು. “ಅವ್ರ ಜಗುಲಿ ಮೇಲೆ ಕೂತು ಒಂದು ಸಲ ಬೆಲ್ಲ ನೀರು ಕುಡೀಬೇಕು. ಆಮೇಲೆ ಆ ಮನೆಗಳು ಯಾರ ಕೈಗಾದ್ರೂ ಹೋಗ್ಲಿ.”